ಬಾಣಂತಿ ಪಾಲಿನ ತಲೆ

ಹೊಳೆಗೆ ಮೀನು ಲಾರಿಯಲ್ಲಿ ಬಂದವು.

ಬೇಸಿಗೆಯ ತುಂಗಭದ್ರೆ, ಆಂಧ್ರದ ಅಂಚು. ನಾಗಲದಿನ್ನೆಯಿಂದ ಕೆಳಕ್ಕೆ ಹೊಳೆ ಅಂತ ಉಳಿದದ್ದು ಒಂದು ಮಡುವು, ಮಿಕ್ಕಿದ್ದೆಲ್ಲ ಮರಳು. ಆ ಮಡುವಿನ ದಂಡೆಗೆ ಲಾರಿ ಹಿಂದಹಿಂದಕ್ಕೆ ಬಂದು ನಿಂತಿತು. ಒಳಗೆ ತಾಡಪಾಲು ಹಾಸಿ ನೀರು ತುಂಬಿದ್ದರು. ನೀರಿನಲ್ಲಿ ಎಲ್ಲೋ ಕೆರೆಯಲ್ಲಿ ಸಾಕಿದ ಮೀನು, ಎಲ್ಲ ಒಂದೇ ಅಳತೆಯವು, ತಿಂದು ಕೊಬ್ಬಿದವು. ನೋಡಲು ಬೆಸ್ತರ ಓಣಿಗೆ ಓಣಿಯೇ ಬಂದು ನಿಂತಿತ್ತು. ನಗಬೇಕೋ ಉಗಿಯಬೇಕೋ ಯಾರಿಗೂ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಹೊಳೆಯಿಂದ ಮೀನು ತೆಗೆದ ಜನ ಅವರು. ಹೊಳೆಗೆ ಮೀನು ಸುರಿಯುವುದನ್ನು ಕಂಡದ್ದು ಅವತ್ತೇ.

ಕಾರ್ಖಾನೆಯ ಮ್ಯಾನೇಜರ್ ವಾಗೀಶ ಜೀಪಿನಿಂದ ಇಳಿಯಲಿಲ್ಲ. ಮೂಗಿಗೆ ಕರ್ಚೀಫು ಹಿಡಿದುಕೊಂಡು ಕೂತಲ್ಲಿಂದಲೇ ಕೆಲಸ ಹೇಳಿದ. ನಾಳೆ ಮುಂಜಾನೆ ಪರಿಸರದ ಆಫೀಸಿನವರು ಬರುತ್ತಾರೆ. ಈ ಮಡುವಿನಲ್ಲಿ ಬಲೆ ಹಾಕಿಸಿ, ಬಿದ್ದ ಮೀನನ್ನು ಒಯ್ದು ಪರೀಕ್ಷೆ ಮಾಡುತ್ತಾರೆ. ಮೀನಿನಲ್ಲಿ ವಿಷ ಇದ್ದರೆ ಕಾರ್ಖಾನೆಗೆ ಬೀಗ, ಇಲ್ಲದಿದ್ದರೆ ಹೊಸ ಘಟಕಕ್ಕೆ ಪರವಾನಗಿ. ಹಾಗಾಗಿ ಇವತ್ತು ಹೊತ್ತು ಮುಳುಗುವುದರೊಳಗೆ ಮಡುವಿನ ಹಳೆಯ ಮೀನನ್ನೆಲ್ಲ ಬಳಿದು ಗುಂಡಿಗೆ ಹಾಕಿ ಸುಣ್ಣ ಸುರಿಯಬೇಕು. ಆಮೇಲೆ ಲಾರಿಯ ಮೀನನ್ನು ಬಿಡಬೇಕು. ಮೀನಿನಲ್ಲಿ ವಿಷ ಕಡಿಮೆಯಾಗಲಿ ಅಂತ ತಾನೆ ಸರ್ಕಾರ ಕೇಳುವುದು? ಕಡಿಮೆ ಆಯಿತಲ್ಲ!

ಎಂಥ ತಲೆ ನೋಡಿ ಇವರದು. ಕಾರ್ಖಾನೆಯಿಂದ ಹಳ್ಳಕ್ಕೆ, ಹಳ್ಳದಿಂದ ಮಡುವಿಗೆ ಬಿಡುವ ನೀರನ್ನು ಹಸನು ಮಾಡುವುದಿಲ್ಲ. ಮಡುವಿನ ತಳದಲ್ಲಿ ಕೂತ ಕರೀ ಮಡ್ಡಿಯನ್ನು ತೆಗೆಸುವುದಿಲ್ಲ. ಮೀನನ್ನೇ ಬದಲಾಯಿಸುತ್ತಾರೆ. ಅದನ್ನೂ ತಮ್ಮ ಕೈಯಿಂದ ಮಾಡುವುದಿಲ್ಲ, ಬೆಸ್ತರ ಕೈಯಿಂದಲೇ ಮಾಡಿಸುತ್ತಾರೆ.

ಓಣಿಯ ಹಿರಿಯ ಹನುಮಣ್ಣ ಹೂಂ ಅಂದುಬಿಟ್ಟಿದ್ದ. ಬೈದು ಏನು ಬಂತು? ಮಡುವಿನಲ್ಲಿ ಮೀನು ಕಡಿಮೆಯಾದ ಮೇಲೆ ಓಣಿಯ ಗಂಡಸರೆಲ್ಲ ಕಾರ್ಖಾನೆಯಲ್ಲೇ ಡ್ರಮ್ಮು ಉರುಳಿಸುತ್ತಿದ್ದರು. ಹೊಳೆ ಕೆಡಿಸಿದವನೇ ಕೂಲಿ ಕೊಡುವವನು. ಅವನಿಗೆ ಇಲ್ಲ ಅಂದರೆ ಸಂಜೆ ಒಲೆ ಹತ್ತುವುದಿಲ್ಲ.

ಹನುಮಣ್ಣನ ತಮ್ಮನ ಹೆಂಡತಿ ಊರಮ್ಮ. ಗಂಡ ಸತ್ತವಳು. ಆದವಾನಿಯ ಸಂತೆಗೆ ಮೀನು ಒಯ್ದು ಮಾರಿ ಮಗಳನ್ನು ಬೆಳೆಸಿದವಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬುಟ್ಟಿಯ ಜೊತೆ ಹಿಂದಿನ ಬಾಗಿಲಲ್ಲೇ ನಿಲ್ಲಬೇಕಾದವಳು. ಹತ್ತಿ ಸಾಹುಕಾರರ ಮನೆಯ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಆ ಕಡೆ ತಿರುಗಿದರೆ ಇವಳೂ ಈ ಕಡೆ ತಿರುಗಿ ನಿಲ್ಲುತ್ತಿದ್ದಳು. ನಾರುವುದು ಮೀನು, ನಾನಲ್ಲ ಅಂತ ಒಳಗೊಳಗೇ ಬೈದುಕೊಳ್ಳುತ್ತಿದ್ದಳು. ಅವಳ ಸಿಟ್ಟು ಇಲ್ಲಿಯವರೆಗೆ ಬಾಯಿ ದಾಟಿ ಹೊರಗೆ ಬಂದಿರಲಿಲ್ಲ.

ಮಗಳು ದುರ್ಗಾ ಈಗ ಬಾಣಂತಿ, ತವರಿನಲ್ಲೇ ಇದ್ದಾಳೆ. ಇದು ಎರಡನೆಯ ಕೂಸು, ಹೆಣ್ಣು. ಚೊಚ್ಚಲದ್ದು ಗಂಡು. ಅದಕ್ಕೆ ಮೊಲೆ ಚೀಪಲು ಬರಲಿಲ್ಲ, ಕತ್ತು ನಿಲ್ಲಲಿಲ್ಲ. ಎತ್ತಿಕೊಂಡರೆ ಕೈಯಲ್ಲಿ ಹಸಿ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು. ಸತ್ತಿತು. ದೇವರು ಕೊಟ್ಟ, ಕಿತ್ತುಕೊಂಡ ಅಂತ ಓಣಿಯವರೆಲ್ಲ ಹೇಳಿ ಎದ್ದು ಹೋದರು. ಊರಮ್ಮನೂ ಹಾಗೇ ಅಂದುಕೊಂಡಿದ್ದಳು.

ಇಲ್ಲಿ ಒಂದು ರೂಢಿ ಹೇಳಬೇಕು. ಆ ಓಣಿಯಲ್ಲಿ ಬಲೆಗೆ ಹಿರಿ ಮೀನು ಬಿದ್ದರೆ ಬಲೆ ಹಿಡಿದವನು ಅಲ್ಲೇ ನೀರಿನಲ್ಲಿ ನಿಂತು ಬಾಣಂತಿಯ ಹೆಸರು ಕೂಗಬೇಕು. ಕೂಗಿದ ಮೇಲೆ ಆ ಮೀನಿನ ತಲೆ, ಹೊಟ್ಟೆಯ ನೆಣ ಅವಳ ಪಾಲು. ಅದಕ್ಕೆ ಬೆಲೆ ಕಟ್ಟುವಂತಿಲ್ಲ, ಬೇರೆ ಯಾರೂ ಮುಟ್ಟುವಂತಿಲ್ಲ. ಮೀನು ಎಷ್ಟು ಹಳೆಯದೋ ಅಷ್ಟು ಹಾಲು ಇಳಿಯುತ್ತದೆ ಅಂತ ನಂಬಿಕೆ. ಮೊದಲ ಬಾಣಂತನದಲ್ಲಿ ದುರ್ಗಾಳ ಹೆಸರು ಎಷ್ಟು ಸಲ ಕೂಗಿದರೋ! ಊರಮ್ಮ ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಆ ತಲೆಗಳನ್ನು ಕುದಿಸಿದಳು. ಮಗಳು ಬ್ಯಾಡ ಅಂದರೂ ಬಿಡದೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ನೆಣ ಬಿಡಿಸಿ ಬಿಡಿಸಿ ಬಾಯಿಗೆ ಇಟ್ಟಳು.

ಈ ಸಲ ಬಸುರಿನಲ್ಲಿ ಆದವಾನಿಗೆ ತೋರಿಸಲು ಹೋದಾಗ ಲೇಡಿ ಡಾಕ್ಟರು ಏನೇನು ತಿನ್ನುತ್ತೀರಿ ಅಂತ ಕೇಳಿದರು. ಊರಮ್ಮ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಕಾರ್ಖಾನೆಯ ನೀರಿನಲ್ಲಿ ಬರುವ ಕೆಲವು ವಿಷ ಕರಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಮೀನಿನ ನೆಣದಲ್ಲಿ ಹೋಗಿ ಕೂರುತ್ತದೆ ಅಂದರು. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಮೀನು ದೊಡ್ಡದಾದಷ್ಟೂ ಹಳೆಯದಾದಷ್ಟೂ ವಿಷ ಹೆಚ್ಚು. ತಿಂದ ತಾಯಿಯ ಮೈಯಲ್ಲೂ ಅದು ವರ್ಷಗಟ್ಟಲೆ ಉಳಿಯುತ್ತದೆ, ಹಾಲಿನಲ್ಲಿ ಇಳಿಯುತ್ತದೆ. ಚೊಚ್ಚಲ ಕೂಸು ಅದರಿಂದಲೇ ಸತ್ತಿತೋ ಇಲ್ಲವೋ ಹೇಳಲಾರೆ, ಮುಂದೆ ಹಾಲಿನಲ್ಲಿ ಎಷ್ಟು ಇಳಿಯುತ್ತದೋ ಅದೂ ಗೊತ್ತಿಲ್ಲ, ಅದನ್ನು ನೋಡುವ ಪರೀಕ್ಷೆ ಇಲ್ಲಿಲ್ಲ. ಡಾಕ್ಟರೇ ಪರಿಸರದ ಆಫೀಸಿಗೆ ದೂರು ಬರೆದರು. ಮೀನಿನಲ್ಲಿ ವಿಷ ಅಂತ ಸಾಬೀತಾದರೆ ತಾಯಂದಿರ ಹಾಲನ್ನೂ ನೋಡಲೇಬೇಕಾಗುತ್ತದೆ, ಅಲ್ಲಿಯ ತನಕ ಹುಟ್ಟುವ ಕೂಸಿಗೆ ಮೊಲೆ ತಪ್ಪಿಸಬೇಡಿ, ಹಸಿವಿನಿಂದ ಕೂಸು ಇನ್ನೂ ಬೇಗ ಹೋಗುತ್ತದೆ ಅಂತ ಹೇಳಿ ಕಳಿಸಿದರು.

ಆಹಾ, ಎಂಥ ಮಾತು ಕೇಳಿಸಿಕೊಂಡು ಬಂದಳು ಊರಮ್ಮ. ಆವತ್ತಿನಿಂದ ತನ್ನ ಕೈಗೆ ತಾನೇ ಹೇಸುತ್ತಿದ್ದಳು. ಮನೆಗೆ ಮತ್ತೆ ಮೀನು ತರಲಿಲ್ಲ. ಕೂಸು ಹುಟ್ಟಿದ ಮೇಲೆ ದುರ್ಗಾ ಮೊಲೆ ಕೊಡುವಾಗ ಅದರ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ಕುಡಿಸಿದರೆ ಏನಾಗುತ್ತದೋ, ಕುಡಿಸದಿದ್ದರೆ ಏನಾಗುತ್ತದೋ. ನಾಳೆಯ ಪರೀಕ್ಷೆಗಾಗಿ ತಾಯಿ ಮಗಳು ಹೀಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಮೀನು ಕೆಟ್ಟದ್ದು ಅಂತ ಬಂದರೆ ಹಾಲಿನ ಸಂಗತಿ ತಿಳಿಯುತ್ತದೆ. ಚೆನ್ನಾಗಿದೆ ಅಂತ ಬಂದರೆ ಇನ್ನು ಕೇಳುವವರೇ ಇಲ್ಲ.

ಆದರೂ ಊರಮ್ಮ ಅವತ್ತು ನೀರಿಗಿಳಿದಳು. ಅದನ್ನು ಮುಚ್ಚಿಡಬೇಕಾಗಿಲ್ಲ. ಅಳಿಯ ತಿರುಮಲೇಶ ಕಾರ್ಖಾನೆಯಲ್ಲಿದ್ದ. ಭಾವ ಹನುಮಣ್ಣ ಬಂದು, ನೀನೊಬ್ಬಳು ಬರದಿದ್ದರೆ ಅವನ ಕೆಲಸ ಹೋಗುತ್ತದೆ, ಮೂರು ಹೊಟ್ಟೆಗೆ ಎಲ್ಲಿಂದ ತರುತ್ತೀ ಅಂದಿದ್ದ. ಬಂದಳು.

ಗಂಡಸರು ಎದೆಮಟ್ಟ ನೀರಿನಲ್ಲಿ ಬಲೆ ಎಳೆದರು. ತಳದ ಮಡ್ಡಿ ಕದಡಿ ಮೇಲೆ ಬಂತು, ಟಾರಿನ ವಾಸನೆ. ಮೊದಲು ತೊಡೆ ಉರಿಯಿತು, ಆಮೇಲೆ ಕಂಕುಳು. ಹೆಂಗಸರು ಮೀನನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಕಾಯ್ದ ಮರಳು ತುಳಿದು, ಜೆಸಿಬಿ ತೋಡಿದ ಗುಂಡಿಗೆ ಒಯ್ದು ಸುರಿದರು. ಬುಟ್ಟಿಯಿಂದ ಸೋರಿದ ನೀರು ಕಣ್ಣಿಗೆ ಇಳಿಯಿತು. ಒದ್ದಾಡುವ ಮೀನಿನ ಮೇಲೆ ಕಾರ್ಖಾನೆಯ ಗುತ್ತಿಗೆದಾರನ ಬಂಟ ದುರುಗೇಶ ಸುಣ್ಣ ಚೆಲ್ಲುತ್ತಿದ್ದ. ಸುಣ್ಣ ಬಿದ್ದ ಕಡೆ ಮೀನಿನ ಚರ್ಮ ಬಿರಿದು ಹೊಗೆ ಏಳುತ್ತಿತ್ತು. ತಿನ್ನಲಿಕ್ಕಲ್ಲದೆ ಮೀನು ಕೊಂದು ಗೊತ್ತಿಲ್ಲದ ಕೈಗಳು ಅವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಬಲೆ ಭಾರವಾಯಿತು. ಹನುಮಣ್ಣನೂ ತಿರುಮಲೇಶನೂ ಕಾಲೂರಿ ಎಳೆದರು. ಬಾಳೆ ಮೀನು. ಆಳುದ್ದ. ಮೀಸೆ, ಅಗಲ ಬಾಯಿ, ಬೆನ್ನ ಮೇಲೆ ಹಳೆಯ ಗಾಯದ ಗೆರೆ. ಎಷ್ಟು ವರ್ಷದಿಂದ ಆ ಮಡುವಿನ ತಳದಲ್ಲಿ ಇತ್ತೋ. ಬಲೆಯ ಅಂಚು ಹಿಡಿದ ಹನುಮಣ್ಣ ಅದನ್ನು ಕಂಡ. ಕಂಡದ್ದೇ ತಡ, ಎಲ್ಲಿ ನಿಂತಿದ್ದೇನೆ, ಯಾರ ಕೆಲಸಕ್ಕೆ ಬಂದಿದ್ದೇನೆ ಎಲ್ಲ ಮರೆತು ಬಾಯಿ ತೆರೆದ.

"ಹಿರಿ ಮೀನು ಬಿತ್ರೋ... ತಲಿ ದುರ್ಗಾಗೋ..."

ಬುಟ್ಟಿ ಹೊತ್ತವರು ಹೊತ್ತಂತೆ ನಿಂತರು. ಹನುಮಣ್ಣನ ಮುಖ ಬಿಳಿಚಿಕೊಂಡಿತು. ವಯಸ್ಸು ಪೂರ್ತಿ ಕೂಗಿದ ಬಾಯಿ, ತಡೆಯುವುದರೊಳಗೆ ಕೂಗಿಬಿಟ್ಟಿತ್ತು.

ಊರಮ್ಮ ಬುಟ್ಟಿಯನ್ನು ಮರಳಿನ ಮೇಲೆ ಎತ್ತಿ ಹಾಕಿದಳು. ಸೀದಾ ನೀರಿಗೆ ನಡೆದಳು.

"ಕೂಗಿದ್ರಿ ಭಾವ. ಎಲ್ಲಾರೂ ಕೇಳ್ಯಾರ. ತಲಿ ನನ್ನ ಮಗಳದು."

"ಬಾಯಿ ತಪ್ಪಿ ಬಂತವ್ವ. ಬಿಡು."

"ತಪ್ಪಿ ಬಂದಿಲ್ಲ. ಮುಂಜಾನಿಂದ ನಿಮ್ಮ ಬಾಯಾಗ ಖರೇ ಬಂದಿದ್ದು ಇದೊಂದ ಮಾತು. ನಾಳಿ ಆಫೀಸರು ಬರ್ತಾರಲ್ಲ, ಅವರ ಮುಂದ ಇಡ್ತೀನಿ ಈ ತಲಿ."

ಸೊಂಟದಲ್ಲಿದ್ದ ಮೀನು ಕೊಯ್ಯುವ ಕತ್ತಿ ತೆಗೆದಳು. ಬಾಳೆ ಮೀನಿನ ಕಿವಿರಿಗೆ ಕೈ ತೂರಿಸಿ ದಂಡೆಗೆ ಎಳೆದಳು, ಮೊಣಕಾಲೂರಿ ಅದರ ಮೇಲೆ ಕೂತಳು, ಕುತ್ತಿಗೆಗೆ ಕತ್ತಿ ಇಟ್ಟಳು, ಅದು ಎಲುಬಿಗೆ ಸಿಕ್ಕಿತು, ಎರಡೂ ಕೈ ಹಾಕಿ ಒತ್ತಿ ಮುರಿದಳು. ರಕ್ತ ಎದೆಯ ಮೇಲೆ ಹಾರಿತು. ಬಾಯಿ ಇನ್ನೂ ತೆರೆದು ಮುಚ್ಚುತ್ತಿದ್ದ ಆ ತಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓಣಿಯ ಕಡೆ ಓಡಿದಳು.

ವಾಗೀಶ ಆಗ ಜೀಪಿನಿಂದ ಇಳಿದ. ಹಿಡೀರೋ ಅಂದ. ತಿರುಮಲೇಶನ ಕಡೆ ಬೊಟ್ಟು ಮಾಡಿ, ನಿನ್ನ ಅತ್ತೆ ತಾನೆ, ನೀನೇ ಕಸಿದುಕೊಂಡು ಬಾ, ಇಲ್ಲದಿದ್ದರೆ ನಾಳೆ ಗೇಟಿಗೆ ಬರಬೇಡ ಅಂದ. ತಿರುಮಲೇಶ ಬಲೆಯ ಹಗ್ಗ ನೀರಿಗೆ ಬಿಟ್ಟ. ಯಾರ ಕಡೆಯೂ ನೋಡದೆ ಮಡುವಿನ ಆಚೆ ದಂಡೆ ಹತ್ತಿ, ಸುತ್ತುಬಳಸಿ ಮನೆಯ ದಾರಿ ಹಿಡಿದ.

ಓಡಿದ್ದು ದುರುಗೇಶ. ಬಂಡೆಗಲ್ಲಿನ ಹತ್ತಿರ ಊರಮ್ಮನ ಜಡೆ ಸಿಕ್ಕಿತು. ಹಿಂದಕ್ಕೆ ಜಗ್ಗಿ ಕೆಡವಿದ. ಹೊಟ್ಟೆಗೆ ಒದ್ದ. ಅವಳು ಮೀನಿನ ತಲೆಯನ್ನು ಎದೆಗೆ ಅವುಚಿಕೊಂಡು ಉಂಡೆಯಾದಳು. ಬೆನ್ನಿಗೆ ಒದ್ದ, ಕಿವಿಯ ಮೇಲೆ ಒದ್ದ. ಬಿಡೇ ರಂಡೆ ಅಂತ ಒದೆಗೊಂದು ಸಲ ಅಂದ. ಬಿಡಲಿಲ್ಲ. ಬಲಗೈ ಎಳೆದು ಬಂಡೆಯ ಮೇಲಿಟ್ಟು ಬೂಟುಗಾಲಿನಿಂದ ತುಳಿದ. ಬೆರಳುಗಳು ಮುರಿದ ಸದ್ದು ನೀರಿನಲ್ಲಿ ನಿಂತವರಿಗೂ ಕೇಳಿಸಿತು. ಎಡಗೈಯಲ್ಲಿ ಕತ್ತಿ ಇತ್ತು. ಅವನ ಮೀನಖಂಡಕ್ಕೆ ಹಾಕಿ ಎಳೆದಳು. ಆಳವಾಗಿಯೇ ಎಳೆದಳು. ಅವನು ಹಂದಿ ಕಿರುಚಿದ ಹಾಗೆ ಕಿರುಚಿದ.

ಆಮೇಲೆ ಆದದ್ದು ಅದಕ್ಕಿಂತ ಹೇಸಿಗೆ. ದುರುಗೇಶ ಕಲ್ಲು ಎತ್ತಿದ್ದನ್ನು ಕಂಡು ಹನುಮಣ್ಣ ಓಡಿ ಬಂದ. ಅವನ ಕೈ ಹಿಡಿಯಲಿಲ್ಲ. ಊರಮ್ಮನ ಭುಜ ಹಿಡಿದು ನೆಲಕ್ಕೆ ಒತ್ತಿದ. ಕೊಲ್ತಾರ ನಿನ್ನ, ಬಿಡವ್ವ, ನಿನ್ನ ಜೀವ ಉಳೀಲಿ ಅಂತ ಅಳುತ್ತ ಒತ್ತಿದ. ಸ್ವಂತ ಭಾವ. ಅವನ ಕಣ್ಣೀರು ಅವಳ ಬಾಯಿಗೆ ಬಿತ್ತು. ಅವಳು ಅದನ್ನು ಅವನ ಮುಖಕ್ಕೇ ಉಗಿದಳು. ಇನ್ನಿಬ್ಬರು ಬಂದು ಕಾಲು ಹಿಡಿದರು. ತಲೆಯನ್ನು ಕಿತ್ತುಕೊಂಡು ಹೋಗಿ ಸುಣ್ಣಕ್ಕೆ ಎಸೆದರು. ಊರಮ್ಮನನ್ನು ಜಾಲಿ ಮರಕ್ಕೆ ಬಲೆಯ ಹಗ್ಗದಿಂದ ಕಟ್ಟಿದರು. ಅವಳ ಕಣ್ಣೆದುರೇ ಲಾರಿಯ ಹಲಗೆ ಇಳಿಸಿ ಕೆರೆಯ ಮೀನನ್ನು ಮಡುವಿಗೆ ಸುರಿದರು. ಹೊತ್ತು ಮುಳುಗಿದ ಮೇಲೆ ಓಣಿಯ ಹೆಂಗಸರು ಬಂದು ಹಗ್ಗ ಬಿಚ್ಚಿದರು.

ಮುಂಜಾನೆ ಅಧಿಕಾರಿ ಬಂದಳು. ಪ್ರತಿಮಾ ಅಂತ ಹೆಸರು, ಇನ್ನೂ ಚಿಕ್ಕ ವಯಸ್ಸು. ಜೊತೆಗೆ ಐಸು ತುಂಬಿದ ಡಬ್ಬಿ, ಒಬ್ಬ ಪೇದೆ. ವಾಗೀಶ ಎಳನೀರು ಕೊಟ್ಟ, ಕುರ್ಚಿ ಹಾಕಿಸಿದ. ಎಲ್ಲರೂ ದಂಡೆಗೆ ಬಂದಾಗ ಒಂದು ನಗೆಪಾಟಲು ನಡೆಯಿತು. ಕಾಲಿನ ಸಪ್ಪಳ ಕೇಳಿದ್ದೇ ತಡ, ಮೀನುಗಳು ಗುಂಪುಗುಂಪಾಗಿ ದಂಡೆಗೆ ಬಂದು ಬಾಯಿ ತೆರೆದು ನಿಂತವು. ಸಾಕಿದವಲ್ಲ, ತೌಡು ಹಾಕುತ್ತಾರೆ ಅಂತ ಬಂದಿದ್ದವು. ಹೊಳೆ ಮೀನು ಮನುಷ್ಯರನ್ನು ಕಂಡರೆ ಹೀಗೆ ಬರುತ್ತದೆಯೇ ಅಂತ ಅಧಿಕಾರಿ ತೆಲುಗಿನಲ್ಲಿ ಕೇಳಿದಳು. ಜನ ಪುಣ್ಯಕ್ಕೆ ಮಂಡಕ್ಕಿ ಹಾಕುತ್ತಾರೆ ಮೇಡಂ ಅಂದ ವಾಗೀಶ. ಹನುಮಣ್ಣ ತಲೆ ಬಗ್ಗಿಸಿ ಬಲೆ ಹಾಕಿದ. ಒಂದೇ ಎಳೆತಕ್ಕೆ ಬಲೆ ತುಂಬಿತು. ಅಧಿಕಾರಿ ಆರಿಸಿ ಡಬ್ಬಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಊರಮ್ಮ ಬಂದಳು. ಒಂದು ಕಣ್ಣು ಮುಚ್ಚಿತ್ತು. ಬಲಗೈ ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಲಾರಿಯಿಂದ ಹಿಡಿದು ಸುಣ್ಣದ ಗುಂಡಿಯವರೆಗೆ ಎಲ್ಲ ಹೇಳಿದಳು, ಅರ್ಧ ಕನ್ನಡ, ಅರ್ಧ ತೆಲುಗು. ಈಕೆಗೆ ತಲೆ ಸರಿಯಿಲ್ಲ, ನಿನ್ನೆ ನಮ್ಮ ಮನುಷ್ಯನಿಗೆ ಚಾಕು ಹಾಕಿದ್ದಾಳೆ, ಕೇಸು ಕೊಟ್ಟಿದ್ದೇವೆ ಅಂದ ವಾಗೀಶ. ಪೇದೆ ಅವಳ ರಟ್ಟೆ ಹಿಡಿದುಕೊಂಡ.

ಅಧಿಕಾರಿ ಓಣಿಯವರ ಕಡೆ ತಿರುಗಿ ಇದು ನಿಜವೇ ಅಂತ ಕೇಳಿದಳು. ಒಬ್ಬನೂ ಬಾಯಿ ಬಿಡಲಿಲ್ಲ. ಹನುಮಣ್ಣ ಬಲೆಯ ಗಂಟು ಬಿಡಿಸುತ್ತ ಕೂತ. ಅಧಿಕಾರಿ ಗುಂಡಿಯ ಕಡೆ ಹೋಗಿ ನೋಡಿ ಬಂದಳು. ಸುಣ್ಣದಲ್ಲಿ ಬೆಂದದ್ದನ್ನು ಒಯ್ದರೆ ಸಾಕ್ಷಿಯಾಗಿ ನಿಲ್ಲುವುದಿಲ್ಲ, ನನ್ನ ಕಣ್ಣೆದುರು ತೆಗೆದದ್ದನ್ನು ಮಾತ್ರ ಒಯ್ಯಬಹುದು ಅಂದಳು. ಅವಳ ದನಿ ಸಣ್ಣದಾಗಿತ್ತು. ಡಬ್ಬಿ ಮುಚ್ಚಲು ಹೇಳಿದಳು.

"ನಿಮ್ಮ ಕಣ್ಣಮುಂದ ತೆಗದ್ರ ಒಯ್ತೀರೇನ್ರಿ?"

ಕೇಳಿದ್ದು ದುರ್ಗಾ. ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಬಂದಿದ್ದಳು. ಹಿಂದೆ ತಿರುಮಲೇಶ ಅಳುವ ಕೂಸನ್ನು ಎತ್ತಿಕೊಂಡಿದ್ದ. ಪರೀಕ್ಷೆಗೆ ಹಾಲು ಉಳಿಯಲಿ ಅಂತ ಮುಂಜಾನೆಯಿಂದ ಅದಕ್ಕೆ ಮೊಲೆ ಕೊಟ್ಟಿರಲಿಲ್ಲ. ದುರ್ಗಾಳ ರವಿಕೆ ಎರಡೂ ಕಡೆ ತೊಯ್ದು ಹೋಗಿತ್ತು.

"ಈ ಮಡುವಿನ ಹಿರಿ ಮೀನಿನ ತಲಿ ತಿಂದಾಕಿ ನಾ. ಆ ಮೀನೆಲ್ಲ ನನ್ನೊಳಗ ಅದಾವ. ಮೀನು ಬದಲಿ ಮಾಡಿದ್ರು ಇವರು. ನನ್ನ ಎಂಗ ಬದಲಿ ಮಾಡ್ತಾರ ನೋಡ್ತೀನಿ."

ಮರಳಿನ ಮೇಲೆ ಕೂತಳು. ಗಂಡಸರ ಕಡೆ ಬೆನ್ನು ಮಾಡಲಿಲ್ಲ. ರವಿಕೆ ಬಿಚ್ಚಿ, ಲೋಟ ಹಿಡಿದು ಹಾಲು ಹಿಂಡಿದಳು. ಓಣಿಯ ಗಂಡಸರು ನೆಲ ನೋಡಿದರು. ನೋಡಬೇಕಾದದ್ದೇ ನೆಲ, ಇನ್ನೇನು ಉಳಿದಿತ್ತು ಅವರಿಗೆ! ಲೋಟ ಅರ್ಧ ತುಂಬಿತು. ಹೆಸರು ಬರಕೊಳ್ರಿ ಅಂತ ಅಧಿಕಾರಿಯ ಕಡೆ ಚಾಚಿದಳು.

ಅಧಿಕಾರಿ ಕೈ ನೀಡುವುದರೊಳಗೆ ವಾಗೀಶ ಬಂದು ಲೋಟಕ್ಕೆ ಹೊಡೆದ. ಹಾಲು ಮರಳಿಗೆ ಬಿತ್ತು. ನಾಚಿಕೆಗೆಟ್ಟ ಜಾತಿ ಅಂದ.

ಆಗ ಹನುಮಣ್ಣ ಎದ್ದ. ಬಲೆ ಅಲ್ಲೇ ಬಿಟ್ಟು ತೆಪ್ಪದ ಕೋಲು ಎತ್ತಿಕೊಂಡು ಬಂದ. ಒಂದು ಮಾತೂ ಆಡಲಿಲ್ಲ. ವಾಗೀಶನ ಆ ಕೈಯ ಮೇಲೆ, ಮೊಣಕೈಗೆ ಸರಿಯಾಗಿ, ಮೀನಿನ ತಲೆ ಒಡೆಯುವ ಏಟು ಹಾಕಿದ. ಕೈ ಕೆಳಗೆ ಜೋತಿತು. ವಾಗೀಶ ಮೊಣಕಾಲ ಮೇಲೆ ಕುಸಿದ. ಪೇದೆ ಊರಮ್ಮನನ್ನು ಬಿಟ್ಟು ಓಡಿ ಬಂದ. ಹನುಮಣ್ಣ ಕೋಲು ಕೆಳಗಿಟ್ಟು, ಕಟ್ಟಿಕೋ ಅಂತ ಎರಡೂ ಕೈ ಅವನ ಮುಂದೆ ಚಾಚಿದ. ಅಧಿಕಾರಿಗೆ ಹೇಳಿದ: "ತಾಯಿ, ಲಾರಿ ಬಂದಿದ್ದು ಖರೇ. ನಾವಽ ಬಲಿ ಎಳದ್ವಿ. ನನ್ನ ಹೆಸರೂ ಬರಕೊಳ್ರಿ."

ದುರ್ಗಾ ಲೋಟವನ್ನು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹಿಂಡತೊಡಗಿದಳು. ಈ ಸಲ ಅಧಿಕಾರಿ ತಾನೇ ಅವಳ ಮುಂದೆ ಮರಳಿನಲ್ಲಿ ಕೂತು ಗಾಜಿನ ಬಾಟಲಿ ಹಿಡಿದಳು. ಡಬ್ಬಿಯಲ್ಲಿ ಜಾಗ ಇರಲಿಲ್ಲ. ಕೆರೆಯ ಮೀನೊಂದನ್ನು ತೆಗೆದು ಆಚೆ ಎಸೆದು ಬಾಟಲಿಯನ್ನು ಐಸಿನಲ್ಲಿ ಹೂತಳು. ಫಲಿತಾಂಶ ಬರಲು ವಾರಗಟ್ಟಲೆ ಆಗುತ್ತದೆ ಅಂದಳು.

ಕೂಸು ಅತ್ತೂ ಅತ್ತೂ ದನಿ ಕಟ್ಟಿತ್ತು. ಊರಮ್ಮ ಹೋಗಿ ಅಳಿಯನ ಕೈಯಿಂದ ಅದನ್ನು ಇಸಕೊಂಡಳು. ಮೊಣಕಾಲೂರಿ ನರಳುತ್ತಿದ್ದ ವಾಗೀಶನ ಹತ್ತಿರ ಹೋದಳು. ಬಗ್ಗಿ ಅವನ ಸರಿಯಿದ್ದ ಕೈಯ ಮೇಲೆ ಕೂಸನ್ನು ಇಟ್ಟಳು. ಬೀಳದಂತೆ ತನ್ನ ಮುರಿದ ಕೈಯನ್ನು ಕೆಳಗೆ ಕೊಟ್ಟುಕೊಂಡೇ ನಿಂತಳು. ಕೂಸು ಬಾಯಿ ತೆರೆದು ಅವನ ಅಂಗಿಯ ಗುಂಡಿಯನ್ನು ಹುಡುಕಿ ಚೀಪತೊಡಗಿತು.

"ಹಸದೈತಿ" ಅಂದಳು ಊರಮ್ಮ. "ವಾರಗಟ್ಟಲೆ ಆಕ್ಕೈತಂತ. ಅಲ್ಲಿತನಕ ಏನು ಕುಡಿಸ್ಲಿ, ನೀ ಹೇಳು. ಹೇಳೋತನಕ ಎತ್ತಿಕೊಂಡಿರು."

ವಾಗೀಶ ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಕೂಸಿನ ಕಡೆ ನೋಡುತ್ತಿದ್ದಳು.